ಅಜ್ಜನ ಉಂಗುರ ಯಾಕೆ ಸರಿಯಾಗಿ ಕೂತಿತು?

ನಮಸ್ಕಾರ.

ನಿಮ್ಮ ಕಾದಂಬರಿಯ ಮೊದಲ 3 ಅಧ್ಯಾಯ ಓದಿದೆ. ಭಾಷೆ ಸಲೀಸಾಗಿದೆ. ಕೋಟೆಯ ರಾತ್ರಿ ಚೆನ್ನಾಗಿ ಬಂದಿದೆ. ಹೊಗಳಿಕೆ ಇಷ್ಟೇ, ಬೇಜಾರು ಮಾಡ್ಕೋಬೇಡಿ. ಮೂರನೇ ಅಧ್ಯಾಯ ಓದಿ ಬಂದ ಸಿಟ್ಟು ಎರಡು ದಿನವಾದರೂ ಇಳಿದಿಲ್ಲ. ಅದಕ್ಕೇ ಈ ಪತ್ರ.

ನಿಮ್ಮ ಖಳ ರುಧಿರಕೇತು, ಸತ್ತ ಅಜ್ಜನ ಮಾಯಾವಿದ್ಯೆಗೆ ವಾರಸುದಾರ. ಅವನ ಮೊದಲ ಮಾತು ನೋಡಿ: "12 ತಲೆಮಾರಿನ ಮಾಯೆ ನನ್ನ ರಕ್ತದಲ್ಲಿ ಹರಿಯುತ್ತಿದೆ!" ಯಾರಿಗೆ ಹೇಳ್ತಿದ್ದಾನೆ? ಕೋಣೆಯಲ್ಲಿರುವುದು ಅವನ ಸ್ವಂತ ತಮ್ಮ. ಅದೇ ರಕ್ತ ತಮ್ಮನಲ್ಲೂ ಇದೆ, ಅಲ್ವಾ? ಆ ಮಾತು ಹೇಳಿದ್ದು ತಮ್ಮನಿಗಲ್ಲ, ನನಗೆ. ಮುಂದಿನ ಸಾಲು: "ಅವನ ರಕ್ತ ಕುದಿಯಿತು." ಅದರ ಮುಂದಿನದು: "ಪೂರ್ವಜರ ರಕ್ತ ಕೂಗಿತು." ಒಂದೇ ಪುಟದಲ್ಲಿ 9 ಸಲ ರಕ್ತ. ಗಾಯ ಒಂದೂ ಇಲ್ಲ.

ಆದರೆ ನನ್ನನ್ನು ನಿಜವಾಗಿ ಕೆಣಕಿದ್ದು ಈ ಸಾಲು: "ಅಜ್ಜನ ಉಂಗುರ ಅವನ ಬೆರಳಿಗೆ ಸರಿಯಾಗಿ ಕೂತಿತು." ಯಾಕೆ ಕೂತಿತು? ಅಜ್ಜ ಆಜಾನುಬಾಹು, ಮೊಮ್ಮಗ ಕಡ್ಡಿಯಂಥವನು ಅಂತ ಎರಡನೇ ಅಧ್ಯಾಯದಲ್ಲಿ ನೀವೇ ಬರೆದಿದ್ದೀರಿ. ಉಂಗುರ ಸಡಿಲವಾಗಿರಬೇಕು. ಜಾರದಿರಲಿ ಅಂತ ಅವನು ಒಳಬದಿಗೆ ದಾರ ಸುತ್ತಿರಬೇಕು. ಆ ದಾರ ಯಾರಿಗೂ ಕಾಣದ ಹಾಗೆ ಸದಾ ಮುಷ್ಟಿ ಬಿಗಿಹಿಡಿದು ಓಡಾಡಬೇಕು. ಜನ ಅದನ್ನು ಕೋಪ ಅಂದುಕೊಳ್ಳುತ್ತಾರೆ. ನಿಮ್ಮ ಖಳ ಹುಟ್ಟುವುದು ಅಲ್ಲಿ.

ಅಶ್ವತ್ಥಾಮನನ್ನು ನೆನೆಸಿಕೊಳ್ಳಿ. ಬ್ರಹ್ಮಶಿರ ಅಸ್ತ್ರ ಅವನಿಗೆ ಅಪ್ಪನಿಂದಲೇ ಬಂತು. ಆದರೆ ದ್ರೋಣ ಅದನ್ನು ಕೊಟ್ಟದ್ದು ಒಲ್ಲದ ಮನಸ್ಸಿನಿಂದ. ಕೊನೆಗೆ ಇವನು ಒಂದು ಹುಲ್ಲುಕಡ್ಡಿಗೆ ಮಂತ್ರ ಹಾಕಿ ಬಿಟ್ಟ. ಎದುರಿನಿಂದ ಅರ್ಜುನನೂ ಬಿಟ್ಟ. "ಇಬ್ಬರೂ ವಾಪಸ್ ತಗೊಳ್ಳಿ" ಅಂತ ವ್ಯಾಸ, ನಾರದರು ಅಂದಾಗ ಅರ್ಜುನ ತಗೊಂಡ, ಇವನಿಗೆ ಆಗಲಿಲ್ಲ. ಶಿಷ್ಯನಿಗೆ ಬಂದದ್ದು ಮಗನಿಗೆ ಬರಲಿಲ್ಲ! ಅಸ್ತ್ರ ಉತ್ತರೆಯ ಗರ್ಭಕ್ಕೆ ಹೋಯಿತು. ಅವನು ರಾತ್ರಿ ನಡೆಸಿದ ಕೊಲೆಗಳಿಗಿಂತ ಆ ಗಳಿಗೆ ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ. ರುಧಿರಕೇತುವಿಗೆ ಅಜ್ಜ ಯಾವ ಮಂತ್ರ ಹೇಳಿಕೊಡಲಿಲ್ಲ? ಯಾಕೆ? ನೀವು ಜೊತೆಗಿಟ್ಟ ವಂಶವೃಕ್ಷದಲ್ಲಿ 12 ತಲೆಮಾರಿನ ಹೆಸರಿದೆ, ಇದಕ್ಕೆ ಉತ್ತರ ಇಲ್ಲ.

22ನೇ ವಯಸ್ಸಿನಲ್ಲಿ ನಾನೂ ಒಬ್ಬ ಮಾಂತ್ರಿಕನ ಕಥೆ ಬರೆದಿದ್ದೆ. ಆಗ ಪ್ರೂಫ್ ನೋಡುವ ಕೆಲಸ. ಹಗಲೆಲ್ಲ ಬೇರೆಯವರ ಕಾಗುಣಿತ ತಿದ್ದಿ, ರಾತ್ರಿ ನನ್ನದು ಬರೆಯುತ್ತಿದ್ದೆ. ಕಥೆ 20 ಪುಟ, ಅದರಲ್ಲಿ ವಂಶಾವಳಿಯೇ 6. ಹಿರಿಯ ಸಂಪಾದಕರು ಆ 6 ಪುಟ ಬೇರೆ ಮಾಡಿ, ಪಿನ್ ಹಾಕಿ, ನನ್ನ ಕೈಗೇ ಕೊಟ್ಟರು. "ಇದು ನಿಮಗೆ ಬೇಕು, ಇಟ್ಕೊಳ್ಳಿ. ಓದುವವರಿಗೆ ಬೇಡ." ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಉಳಿದ 14 ಪುಟ ಓದಿದೆ. ಮಾಂತ್ರಿಕ ಎಲ್ಲೂ ಇರಲಿಲ್ಲ. ಸುಮ್ನೆ ಅವನ ನಿಲುವಂಗಿ ಓಡಾಡುತ್ತಿತ್ತು.

ಸದ್ಯಕ್ಕೆ ಮೂರನೇ ಅಧ್ಯಾಯ ಮಾತ್ರ ತಿದ್ದಿ ಕಳಿಸಿ. ವಂಶವೃಕ್ಷ ವಾಪಸ್ ಕಳಿಸುತ್ತಿದ್ದೇನೆ. ಪಿನ್ ಹಾಕಿದ್ದೇನೆ.