‘ಅಪ್ಪಾ, ಈ ಎಪಿಸೋಡ್ ನೋಡಿ’: ಡೀಪ್ ಸ್ಪೇಸ್ ನೈನ್ ನೋಡಿದ ಹೆತ್ತವರ ಪ್ರಶ್ನೆಗಳು

ಹದಿಹರೆಯದ ಮಕ್ಕಳ ಜೊತೆ ಕೂತು ನೋಡೋಕೆ ಏನಾದರೂ ಬೇಕಿದ್ದರೆ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ನೋಡಿ ಎಂದು ಕಳೆದ ತಿಂಗಳು ಇದೇ ಅಂಕಣದಲ್ಲಿ ಬರೆದಿದ್ದೆ. 1993ರಿಂದ 1999ರವರೆಗೆ ಏಳು ಸೀಸನ್ ಬಂದ ಅಮೆರಿಕದ ಸರಣಿ ಅದು. ಬಾಹ್ಯಾಕಾಶದ ಯಾವುದೋ ಮೂಲೆಯಲ್ಲೊಂದು ನಿಲ್ದಾಣ. ಅದರ ಕಮಾಂಡರ್ ಬೆಂಜಮಿನ್ ಸಿಸ್ಕೋ. ಹೆಂಡತಿ ಯುದ್ಧದಲ್ಲಿ ತೀರಿಕೊಂಡಿದ್ದಾಳೆ, ಮಗ ಜೇಕ್‌ನನ್ನು ಒಬ್ಬನೇ ಸಾಕುತ್ತಿದ್ದಾನೆ. ಅದನ್ನು ನೋಡಿದ ಹಲವರು ಪತ್ರ ಬರೆದಿದ್ದೀರಿ. ಕಥೆಗಿಂತ ಜಾಸ್ತಿ, ಕಥೆ ನೋಡಿದ ಮೇಲೆ ನಿಮ್ಮ ಮನೆಯಲ್ಲಿ ಏನಾಯ್ತು ಅನ್ನೋದನ್ನೇ ಬರೆದಿದ್ದೀರಿ. ನಾಲ್ಕು ಪತ್ರ ಇಲ್ಲಿವೆ.

ಪ್ರಶ್ನೆ: ಮಗ ಫಸ್ಟ್ ಪಿಯುಸಿ, ಪಿಸಿಎಂಬಿ. ಇಂಜಿನಿಯರಿಂಗ್ ಮಾಡಲಿ ಅಂತ ನನ್ನ ಆಸೆ. ಅವನಿಗೆ ಪತ್ರಿಕೋದ್ಯಮ ಬೇಕು ಅಂತ ಅವನ ತಂಗಿಯಿಂದ ಗೊತ್ತಾಯ್ತು. ಒಂದು ಭಾನುವಾರ ‘ಅಪ್ಪಾ, ಈ ಎಪಿಸೋಡ್ ನೋಡಿ’ ಅಂತ ‘ಶ್ಯಾಡೋಪ್ಲೇ’ ಹಾಕಿ ಪಕ್ಕದಲ್ಲಿ ಕೂತ. ಮುಗಿದ ಮೇಲೆ ನನ್ನ ಮುಖ ನೋಡಿದ. ‘ಅದು ಸೀರಿಯಲ್ಲು ಕಣೋ, ಅಲ್ಲಿ ಯಾರಿಗೂ ಇಎಂಐ ಇಲ್ಲ’ ಅಂದೆ. ಅವತ್ತಿನಿಂದ ಮಾತು ಕಡಿಮೆ ಮಾಡಿದ್ದಾನೆ. ನಾನು ಹೇಳಿದ್ದು ತಪ್ಪಾ ಮೇಡಂ?
— ಒಬ್ಬ ತಂದೆ, ದಾವಣಗೆರೆ

ಉತ್ತರ: ನೀವು ಹೇಳಿದ್ದು ಸುಳ್ಳಲ್ಲ. ಆ ಕಥೆಯ ಭೂಮಿಯಲ್ಲಿ ಜನರಿಗೆ ದುಡ್ಡಿನ ವ್ಯವಹಾರವೇ ಇಲ್ಲ. ಸಿಸ್ಕೋನ ಮಗ ಏನು ಓದಿದರೂ ಮನೆ ಸಾಲದ ಕಂತು ನಿಂತುಹೋಗುವ ಭಯ ಇಲ್ಲ. ಆ ಮಟ್ಟಿಗೆ ಸಿಸ್ಕೋನ ಕೆಲಸ ನಿಮ್ಮದಕ್ಕಿಂತ ಸುಲಭ. ಆದರೆ ನಿಮ್ಮ ಮಗ ತೋರಿಸಲು ಬಂದಿದ್ದು ಬೇರೆ.

ಆ ಎಪಿಸೋಡನ್ನು ಇನ್ನೊಂದ್ಸಲ ನೆನಪು ಮಾಡಿಕೊಳ್ಳಿ. ಸಿಸ್ಕೋ ಮಗನನ್ನು ನಿಲ್ದಾಣದ ಇಂಜಿನಿಯರ್ ಓಬ್ರಯನ್ ಹತ್ತಿರ ಕೆಲಸ ಕಲಿಯಲು ಕಳಿಸುತ್ತಾನೆ. ಮುಂದೆ ತನ್ನ ಹಾಗೇ ಸ್ಟಾರ್‌ಫ್ಲೀಟ್ ಅನ್ನೋ ಬಾಹ್ಯಾಕಾಶ ಪಡೆ ಸೇರಲಿ ಅಂತ. ಜೇಕ್‌ಗೆ ಅದು ಬೇಡ. ಬೇಡ ಅನ್ನೋದನ್ನು ಅವನು ಮೊದಲು ಯಾರಿಗೆ ಹೇಳುತ್ತಾನೆ? ಓಬ್ರಯನ್‌ಗೆ. ಓಬ್ರಯನ್ ತನ್ನ ಕಥೆ ಹೇಳುತ್ತಾನೆ. ಅವನು ಚೆಲ್ಲೋ ನುಡಿಸಬೇಕು ಅನ್ನೋದು ಅವರಪ್ಪನ ಆಸೆ. ಸಂಗೀತ ಶಾಲೆಯಲ್ಲಿ ಸೀಟೂ ಸಿಕ್ಕಿತ್ತು. ಅವನು ಹೋಗಿ ಸ್ಟಾರ್‌ಫ್ಲೀಟ್ ಸೇರಿಬಿಟ್ಟ. ಇಷ್ಟು ಹೇಳಿ, ನಿಮ್ಮಪ್ಪನಿಗೆ ನೀನೇ ಹೇಳು ಅಂತ ಜೇಕ್‌ನನ್ನು ಕಳಿಸುತ್ತಾನೆ.

ಮಕ್ಕಳು ದೊಡ್ಡ ಮಾತನ್ನು ಮೊದಲು ಬೇರೆಯವರ ಹತ್ತಿರ ಹೇಳಿ ನೋಡುತ್ತಾರೆ. ಸೋದರಮಾವ, ಪಕ್ಕದ ಮನೆ ಅಕ್ಕ, ಟ್ಯೂಷನ್ ಮೇಷ್ಟ್ರು, ಹೀಗೆ ಯಾರಾದರೂ ಆಗಬಹುದು. ನಿಮ್ಮ ಮಗ ತಂಗಿಗೆ ಹೇಳಿದ. ಆಮೇಲೆ ನಿಮಗೆ ಹೇಳಲು ಬಾಯಿ ಬರಲಿಲ್ಲ, ಟೀವಿ ಹಾಕಿ ಪಕ್ಕದಲ್ಲಿ ಕೂತ. ಅಷ್ಟಕ್ಕೇ ಎಷ್ಟು ದಿನ ಧೈರ್ಯ ಕೂಡಿಸಿಕೊಂಡಿದ್ದನೋ. ನಿಮ್ಮ ಮಾತಲ್ಲಿ ನ್ಯಾಯ ಇತ್ತು. ಆದರೆ ಅವನಿಗೆ ಕೇಳಿಸಿದ್ದು ‘ಈ ವಿಷಯ ಇಲ್ಲಿಗೆ ಮುಗೀತು’ ಅಂತ.

ಅದನ್ನು ಮತ್ತೆ ತೆರೆಯೋದು ನಿಮ್ಮ ಕೈಯಲ್ಲೇ ಇದೆ. ‘ಅವತ್ತು ನೀನು ಏನೋ ಹೇಳಬೇಕು ಅಂತಿದ್ದೆ, ನಾನು ಮಾತು ಹಾರಿಸಿಬಿಟ್ಟೆ’ ಅನ್ನಿ, ಸಾಕು. ಅಮ್ಮ, ದೊಡ್ಡಪ್ಪ ಎಲ್ಲರನ್ನೂ ಕೂರಿಸಿ ಪಂಚಾಯ್ತಿ ಮಾಡಬೇಡಿ. ಎದುರುಬದುರು ಕೂರೋದೂ ಬೇಡ. 1995ರ ‘ಎಕ್ಸ್‌ಪ್ಲೋರರ್ಸ್’ ಎಪಿಸೋಡ್ ನನಗೆ ಯಾಕೆ ಇಷ್ಟ ಅಂದ್ರೆ ಇದಕ್ಕೇ. ಎಂಟುನೂರು ವರ್ಷ ಹಳೆಯ ನಕ್ಷೆ ಹಿಡಿದು ಸಿಸ್ಕೋ ಒಂದು ಹಾಯಿಹಡಗು ಕಟ್ಟುತ್ತಾನೆ. ಬೆಳಕಿನ ಒತ್ತಡದಿಂದಲೇ ಬಾಹ್ಯಾಕಾಶದಲ್ಲಿ ತೇಲುವ ಹಡಗು. ಜೇಕ್ ಮೊದಲು ಬರಲ್ಲ ಅಂದವನು ಆಮೇಲೆ ಜೊತೆಗೆ ಹೊರಡುತ್ತಾನೆ. ಹಾಯಿ ಬಿಚ್ಚೋದು, ಹಗ್ಗ ಎಳೆಯೋದು, ಕೆಟ್ಟಿದ್ದು ಸರಿ ಮಾಡೋದು ನಡೆದಿರುವಾಗಲೇ ಮಗ ವಿಷಯ ತೆಗೆಯುತ್ತಾನೆ. ನ್ಯೂಜಿಲೆಂಡಿನ ಒಂದು ಶಾಲೆ ಬರವಣಿಗೆ ಕಲಿಯಲು ಕರೆದಿದೆ, ಆದರೆ ಅಪ್ಪ ಒಬ್ಬನೇ ಆಗಿಬಿಡುತ್ತಾನಲ್ಲ ಅನ್ನೋದು ಅವನ ಚಿಂತೆ. ಅಪ್ಪನಿಗೆ ಗೊತ್ತೇ ಇಲ್ಲದ ಚಿಂತೆ ಅದು. ಸ್ಕೂಟರ್ ತೊಳೆಯುವಾಗ, ತೆಂಗಿನಕಾಯಿ ಸುಲಿಯುವಾಗ ನಿಮ್ಮ ಮಗನೂ ಇಂಥದ್ದೇನಾದರೂ ಹೇಳಬಹುದು. ಕೈಗೆ ಕೆಲಸ ಇದ್ದರೆ ಹುಡುಗರ ಬಾಯಿ ಸಲೀಸಾಗಿ ಬಿಡುತ್ತದೆ.

ಇನ್ನು ಓದಿನ ವಿಷಯ. ಸೈನ್ಸ್ ಪಿಯುಸಿ ಮುಗಿಸಿದವರೂ ಡಿಗ್ರಿಯಲ್ಲಿ ಪತ್ರಿಕೋದ್ಯಮ ತೆಗೆದುಕೊಳ್ಳಬಹುದು. ಹಾಗಾಗಿ ಈ ವಾರವೇ ಎಲ್ಲ ತೀರ್ಮಾನ ಆಗಬೇಕಿಲ್ಲ. ಇಎಂಐ ಎಷ್ಟು, ಇನ್ನೆಷ್ಟು ವರ್ಷ ಇದೆ ಅಂತ ಅವನಿಗೆ ಲೆಕ್ಕ ತೋರಿಸಿ. ಹದಿನಾರರ ಹುಡುಗನಿಗೆ ಅದು ಅರ್ಥವಾಗುತ್ತದೆ. ಅವನು ಏನಾದರೂ ಬರೆದಿದ್ದರೆ ಓದಲು ಕೇಳಿ. ಓದಿ ಎರಡು ದಿನ ಬಿಟ್ಟು ಮಾತಾಡಿ.

ಪ್ರಶ್ನೆ: ಮಗ ಎಂಟನೇ ಕ್ಲಾಸ್. ಯಾವಾಗಲೂ ಒಬ್ಬನೇ ಹುಡುಗನ ಜೊತೆ. ಆ ಹುಡುಗ ಓದಲ್ಲ, ಬಾಯಿ ಸರಿ ಇಲ್ಲ. ಸಿಸ್ಕೋಗೂ ಜೇಕ್‌ನ ಗೆಳೆಯ ನಾಗ್ ಇಷ್ಟ ಇರಲಿಲ್ಲ ಅಲ್ವಾ? ಸಹವಾಸ ಬಿಡಿಸೋದು ಹೇಗೆ?
— ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಹೌದು, ಶುರುವಿನಲ್ಲಿ ಇಷ್ಟ ಇರಲಿಲ್ಲ. ನಾಗ್ ಫೆರೆಂಗಿ ಅನ್ನೋ ಅನ್ಯಗ್ರಹ ಕುಲದ ಹುಡುಗ. ಕಳ್ಳತನ ಮಾಡಿ ಸಿಕ್ಕಿಬಿದ್ದವನು. ‘ದಿ ನೇಗಸ್’ ಎಪಿಸೋಡಿನಲ್ಲಿ ನಾಗ್‌ನ ಅಪ್ಪ ಅವನನ್ನು ಶಾಲೆ ಬಿಡಿಸುತ್ತಾನೆ. ಜೇಕ್ ಮಾತ್ರ ದಿನಾ ಅವನ ಜೊತೆ ಎಲ್ಲಿಗೋ ಹೋಗುತ್ತಾನೆ, ಎಲ್ಲಿಗೆ ಅಂತ ಹೇಳಲ್ಲ. ಸಿಸ್ಕೋ ಕೋಪದಲ್ಲೇ ಹುಡುಕಿಕೊಂಡು ಹೋಗುತ್ತಾನೆ. ಸರಕು ಇಡುವ ಕೋಣೆಯಲ್ಲಿ ಇಬ್ಬರೂ ಕೂತಿದ್ದಾರೆ. ನಾಗ್ ತಡವರಿಸಿಕೊಂಡು ಓದುತ್ತಿದ್ದಾನೆ, ಜೇಕ್ ತಿದ್ದುತ್ತಿದ್ದಾನೆ. ಮಗ ಗುಟ್ಟಾಗಿ ಗೆಳೆಯನಿಗೆ ಓದು ಕಲಿಸುತ್ತಿದ್ದಾನೆ! ಸಿಸ್ಕೋ ಒಂದು ಮಾತೂ ಆಡದೆ ಹಾಗೇ ಹಿಂದಕ್ಕೆ ಹೋಗುತ್ತಾನೆ. ಮುಂದೆ ಅದೇ ನಾಗ್ ಸ್ಟಾರ್‌ಫ್ಲೀಟ್ ಸೇರಿದ ಮೊದಲ ಫೆರೆಂಗಿ ಆಗುತ್ತಾನೆ.

ಎಲ್ಲ ಗೆಳೆಯರೂ ನಾಗ್ ಆಗಿರುತ್ತಾರೆ ಅಂತ ನಾನು ಹೇಳುತ್ತಿಲ್ಲ. ಸಿಸ್ಕೋ ಮೊದಲು ಹೋಗಿ ನೋಡಿದ, ಅದನ್ನು ಗಮನಿಸಿ. ಆ ಹುಡುಗನನ್ನು ಒಂದು ಸಂಜೆ ಮನೆಗೆ ಕರೆಯಿರಿ. ಗಿರಮಿಟ್ ಮಾಡಿ ಕೊಡಿ, ಅವರ ಮನೇಲಿ ಯಾರ್ಯಾರಿದ್ದಾರೆ ಕೇಳಿ. ಮನೆಯಲ್ಲಿ ದುಡ್ಡು ಕಾಣೆಯಾಗುತ್ತಿದ್ದರೆ, ಸಿಗರೇಟ್ ವಾಸನೆ ಬರುತ್ತಿದ್ದರೆ ಅದು ಬೇರೆ ಮಾತು, ಆಗ ತಡಮಾಡಬೇಡಿ. ಸುಮ್ನೆ ಮಾರ್ಕ್ಸ್ ಕಡಿಮೆ ಅನ್ನೋ ಕಾರಣಕ್ಕೆ ಸ್ನೇಹ ಬಿಡಿಸಲು ಹೋಗಬೇಡಿ.

ಪ್ರಶ್ನೆ: ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸ್. ಕಥೆ ಹೇಳು ಅಂದ್ರೆ ಅರ್ಧ ಗಂಟೆ ಹೇಳ್ತಾಳೆ. ಪುಸ್ತಕ ಕೊಟ್ಟರೆ ‘ಅಕ್ಕ’ನನ್ನು ‘ಅಕ’ ಅಂತಾಳೆ, ಸಾಲು ಬಿಟ್ಟು ಹೋಗ್ತಾಳೆ. ಎರಡು ಟ್ಯೂಷನ್, ಒಂದು ಅಬ್ಯಾಕಸ್, ಒಂದು ಹ್ಯಾಂಡ್‌ರೈಟಿಂಗ್ ಕ್ಲಾಸಿಗೆ ಹಾಕಿದ್ದೀವಿ. ಡಾಕ್ಟರ್ ಬಶೀರ್ ಅಪ್ಪ ಅಮ್ಮನ ಎಪಿಸೋಡ್ ನೋಡಿ ನನಗೆ ನಿದ್ದೆ ಬರಲಿಲ್ಲ. ನಾನೂ ಅದನ್ನೇ ಮಾಡ್ತಿದ್ದೀನಾ?
— ಒಬ್ಬ ತಾಯಿ, ನಂಜನಗೂಡು

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಮೊದಲು, ನೋಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಜೂಲಿಯನ್ ಬಶೀರ್ ನಿಲ್ದಾಣದ ಡಾಕ್ಟರ್, ಬಹಳ ಚುರುಕು. 1997ರ ಒಂದು ಎಪಿಸೋಡಿನಲ್ಲಿ ಅವನ ಗುಟ್ಟು ಹೊರಬೀಳುತ್ತದೆ. ಚಿಕ್ಕವನಿದ್ದಾಗ ಜೊತೆಯ ಮಕ್ಕಳು ಓದಲು ಕಲಿಯುತ್ತಿದ್ದರೆ ಇವನಿಗೆ ನಾಯಿ ಯಾವುದು, ಬೆಕ್ಕು ಯಾವುದು ಅನ್ನೋದೇ ಗೊಂದಲ. ಏಳು ತುಂಬುವ ಮೊದಲೇ ಅಪ್ಪ ಅಮ್ಮ ಅವನನ್ನು ಬೇರೊಂದು ಗ್ರಹದ ಆಸ್ಪತ್ರೆಗೆ ಕರೆದೊಯ್ದು, ಕಾನೂನಿಗೆ ವಿರುದ್ಧವಾಗಿ ಅವನ ಜೀನ್‌ಗಳನ್ನೇ ಬದಲಾಯಿಸುತ್ತಾರೆ. ಹದಿನೈದನೇ ವಯಸ್ಸಿನಲ್ಲಿ ಅವನಿಗೆ ವಿಷಯ ತಿಳಿಯುತ್ತದೆ. ಆಗ ‘ಜೂಲ್ಸ್’ ಅನ್ನೋ ಮುದ್ದಿನ ಹೆಸರನ್ನೇ ಬಿಟ್ಟುಬಿಡುತ್ತಾನೆ. ಆ ಜೂಲ್ಸ್ ಆಸ್ಪತ್ರೆಯಲ್ಲೇ ಸತ್ತ, ನಿಮಗೆ ನನ್ನ ಬಗ್ಗೆ ನಾಚಿಕೆ ಇತ್ತು, ಅದಕ್ಕೇ ಹೀಗೆ ಮಾಡಿದಿರಿ ಅಂತ ದೊಡ್ಡವನಾದ ಮೇಲೆ ಅವರ ಎದುರೇ ಕೂಗಾಡುತ್ತಾನೆ.

ಆಗ ಅವನ ಅಮ್ಮ ಅಮ್‌ಶಾ ಬಾಯಿ ಬಿಡುತ್ತಾಳೆ. ಮಗು ದಿನದಿಂದ ದಿನಕ್ಕೆ ಹಿಂದೆ ಬೀಳೋದನ್ನು ನೋಡುತ್ತಾ ಕೂರೋದು ಹೇಗಿರುತ್ತೆ ಅಂತ ನಿನಗೆ ಗೊತ್ತಿಲ್ಲ ಅನ್ನುತ್ತಾಳೆ. ಬಸುರಿಯಾಗಿದ್ದಾಗ ನಾನೇ ಏನಾದರೂ ತಪ್ಪು ಮಾಡಿದ್ನಾ, ನನ್ನಿಂದಲೇ ಬಂತಾ ಅಂತ ರಾತ್ರಿಯೆಲ್ಲ ಯೋಚಿಸಿದ್ದನ್ನು ಹೇಳುತ್ತಾಳೆ. ಸಲಹೆ ಕೇಳಿ ನನ್ನ ಕೋಣೆಗೆ ಬರುವ ತಾಯಂದಿರು ಇದೇ ಮಾತು ಹೇಳುತ್ತಾರೆ. ಗ್ರಹಣ ನೋಡಿದ್ದಕ್ಕಾ, ಕಬ್ಬಿಣದ ಮಾತ್ರೆ ಬಿಟ್ಟಿದ್ದಕ್ಕಾ ಅಂತ ಕೇಳುತ್ತಾರೆ. ಬಹುಶಃ ನೀವೂ ಕೇಳಿಕೊಂಡಿದ್ದೀರಿ. ನಿಮ್ಮ ಮಗಳ ತೊಂದರೆ ನಿಮ್ಮ ತಪ್ಪಲ್ಲ. ಇದನ್ನು ಮನಸ್ಸಿಗೆ ತಂದುಕೊಳ್ಳಿ.

ಅಮ್‌ಶಾಗೆ ಮಗನ ಮೇಲೆ ನಾಚಿಕೆ ಇರಲಿಲ್ಲ, ಭಯ ಇತ್ತು. ಮಗನಿಗೆ ಕಂಡಿದ್ದು ನಾಚಿಕೆ. ಅವಳು ಆ ಭಯವನ್ನು ಅವನಿಗೆ ಹೇಳುವ ಹೊತ್ತಿಗೆ ಅವನು ಬೆಳೆದು ಡಾಕ್ಟರ್ ಆಗಿದ್ದ. ಕೊನೆಗೆ ಅಪ್ಪ ತಪ್ಪೊಪ್ಪಿಕೊಂಡು ಎರಡು ವರ್ಷ ಜೈಲಿಗೆ ಹೋಗುತ್ತಾನೆ, ಮಗನ ಕೆಲಸ ಉಳಿಯಲಿ ಅಂತ. ಅಷ್ಟು ಪ್ರೀತಿ ಇತ್ತು ಆ ಮನೆಯಲ್ಲಿ. ಮಗನಿಗೆ ಅದು ಗೊತ್ತಾಗಲು ಅಷ್ಟು ವರ್ಷ ಬೇಕಾಯ್ತು.

ನಿಮ್ಮ ಮಗಳಿಗಿನ್ನೂ ಎಂಟು ವರ್ಷ. ನಾಲ್ಕು ಕ್ಲಾಸುಗಳಲ್ಲಿ ಮೂರನ್ನು ಈ ತಿಂಗಳೇ ನಿಲ್ಲಿಸಿ. ಯಾವುದನ್ನು ಇಟ್ಟುಕೊಳ್ಳೋದು ಅಂತ ಅವಳನ್ನೇ ಕೇಳಿ. ಬಾಯಲ್ಲಿ ಚೆನ್ನಾಗಿ ಹೇಳುವ ಮಗು ಓದುವಾಗ ಒತ್ತಕ್ಷರ ನುಂಗಿದರೆ, ಸಾಲು ತಪ್ಪಿದರೆ ಅದು ಸೋಮಾರಿತನ ಅಂತ ಅಂದುಕೊಳ್ಳಬೇಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಅದು ಸರಿ ಇದ್ದರೆ ಕಲಿಕೆಯ ತೊಂದರೆ ಇದೆಯಾ ಅಂತ ನೋಡಿಸಬೇಕು. ಡಿಸ್ಲೆಕ್ಸಿಯಾ ಅನ್ನೋದು ಅಂಥದ್ದೊಂದು. ಅದಕ್ಕೂ ಬುದ್ಧಿ ಕಡಿಮೆ ಇರೋದಕ್ಕೂ ಸಂಬಂಧ ಇಲ್ಲ. ನಿಮಗೆ ಮೈಸೂರು ಹತ್ತಿರ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನೋಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು ಕೇಳಲು ದಾರಿ ಇದೆ.

ಹೋಗುವ ಮುನ್ನ ಮಗಳಿಗೆ ಹೇಳಿ: ‘ಓದೋದು ನಿನಗೆ ಯಾಕೆ ಕಷ್ಟ ಆಗ್ತಿದೆ ಅಂತ ತಿಳ್ಕೊಳ್ಳೋಕೆ ಹೋಗ್ತಿದೀವಿ. ನೀನು ಎಷ್ಟು ಪ್ರಯತ್ನ ಮಾಡ್ತೀಯ ಅಂತ ನನಗೆ ಗೊತ್ತು.’ ಎರಡನೇ ವಾಕ್ಯ ಬಿಡಬೇಡಿ. ಅವಳು ಹೇಳುವ ಅರ್ಧ ಗಂಟೆಯ ಕಥೆಯನ್ನು ನೀವು ಬರೆದುಕೊಂಡು ಅವಳಿಗೇ ಓದಲು ಕೊಡಿ. ತನ್ನದೇ ಮಾತನ್ನು ಓದೋದು ಮಕ್ಕಳಿಗೆ ಸುಲಭ.

ಪ್ರಶ್ನೆ: ನಾವಿಬ್ಬರೂ ದುಬೈನಲ್ಲಿ. ಹತ್ತು ವರ್ಷದ ಮಗಳು ಕುಂದಾಪುರದಲ್ಲಿ ಅಜ್ಜ ಅಜ್ಜಿ ಜೊತೆ. ವಿಡಿಯೋ ಕಾಲ್ ಮಾಡಿದ್ರೆ ‘ಹೂಂ’, ‘ಊಹೂಂ’ ಅಷ್ಟೇ. ವೋರ್ಫ್ ಮತ್ತು ಅವನ ಮಗನ ಎಪಿಸೋಡ್ ನೋಡಿ ಹೆದರಿಕೆ ಆಯ್ತು. ಇನ್ನೂ ಎರಡು ವರ್ಷ ಇಲ್ಲೇ ಇರಬೇಕು.
— ಒಬ್ಬ ತಂದೆ, ದುಬೈ

ಉತ್ತರ: ವೋರ್ಫ್ ಕ್ಲಿಂಗಾನ್ ಅನ್ನೋ ಅನ್ಯಗ್ರಹ ಕುಲದ ಯೋಧ. ಮಗ ಅಲೆಕ್ಸಾಂಡರ್‌ನ ತಾಯಿ ತೀರಿಹೋದ ಮೇಲೆ ಹುಡುಗನನ್ನು ಭೂಮಿಯಲ್ಲಿರುವ ತನ್ನ ಸಾಕು ತಂದೆತಾಯಿಯ ಹತ್ತಿರ ಬಿಟ್ಟ. ಮಧ್ಯೆ ಕೆಲವು ಕಾಲ ಜೊತೆಗಿಟ್ಟುಕೊಂಡ, ಮತ್ತೆ ಕಳಿಸಿದ. 1997ರ ‘ಸನ್ಸ್ ಅಂಡ್ ಡಾಟರ್ಸ್’ನಲ್ಲಿ ಆ ಮಗ ಅಪ್ಪ ಇರುವ ಯುದ್ಧನೌಕೆಗೇ ಸಿಪಾಯಿಯಾಗಿ ಬರುತ್ತಾನೆ. ಇಬ್ಬರಿಗೂ ಮಾತೇ ಬರಲ್ಲ. ಅಪ್ಪ ಬೇಡ ಅಂತ ಬಿಟ್ಟುಹೋದ ಅಂತಲೇ ಹುಡುಗ ನಂಬಿದ್ದಾನೆ.

ಹಾಗಂತ ಅಜ್ಜಿ ಮನೆಯಲ್ಲಿ ಬೆಳೆಯೋದೇ ಕೆಟ್ಟದ್ದಲ್ಲ. ವೋರ್ಫ್ ಬೆಳೆದದ್ದೂ ಅದೇ ಸಾಕು ತಂದೆತಾಯಿಯ ಹತ್ತಿರ. ಅನಾಥನಾಗಿ ಬಂದ ಹುಡುಗನಿಗಾಗಿ ಆ ಸಾಕುತಾಯಿ ಕ್ಲಿಂಗಾನ್ ಅಡುಗೆಯನ್ನೇ ಕಲಿತಳು. ಅಲೆಕ್ಸಾಂಡರ್‌ಗೆ ಊಟ, ಪ್ರೀತಿ ಎರಡೂ ಇತ್ತು. ಅಪ್ಪ ಯಾಕೆ ಬಿಟ್ಟ, ಯಾವಾಗ ಬರುತ್ತಾನೆ ಅಂತ ಮಾತ್ರ ಗೊತ್ತಿರಲಿಲ್ಲ.

ನಿಮ್ಮ ಮಗಳಿಗೆ ಗೊತ್ತಿದೆಯಾ? ‘ನಿನಗೋಸ್ಕರವೇ ದುಡೀತಿರೋದು’ ಅನ್ನಬೇಡಿ, ಅದು ಮಗುವಿಗೆ ಹೊರೆ. ಮನೆ ಕಟ್ಟಿದ ಸಾಲ ಇಷ್ಟಿದೆ, ಅದು ತೀರಿದ ಮೇಲೆ ಬರುತ್ತೇವೆ, ಇದು ನಾವು ದೊಡ್ಡವರು ಮಾಡಿದ ತೀರ್ಮಾನ, ನಿನಗೆ ಬೇಜಾರಾದರೆ ಅದು ಸರಿಯೇ ಅಂತ ಹೇಳಿ. ಫೋನಿನಲ್ಲಿ ‘ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ’ ಕೇಳಿದರೆ ‘ಹೂಂ’ ಅಲ್ಲದೆ ಇನ್ನೇನು ಬರುತ್ತೆ? ಅವಳಿಂದ ಏನಾದರೂ ಕಲಿಯಿರಿ. ಆ ಎಪಿಸೋಡಿನ ಕೊನೆಯಲ್ಲಿ ವೋರ್ಫ್ ಹೇಳೋದೂ ಅದೇ: ಯೋಧನಾಗೋದನ್ನು ನಾನು ಕಲಿಸುತ್ತೇನೆ, ಅಪ್ಪನಾಗೋದನ್ನು ನೀನು ನನಗೆ ಕಲಿಸು. ಅಜ್ಜಿಯ ಕೊಟ್ಟೆ ಕಡುಬಿಗೆ ಹಲಸಿನ ಎಲೆ ಹೇಗೆ ಹೆಣೆಯೋದು ಅಂತ ತೋರಿಸಲು ಹೇಳಿ. ನೀವು ತಪ್ಪು ಮಾಡಿ, ಅವಳು ತಿದ್ದಲಿ.

ಈ ಸರಣಿಯ ಕೊನೆಯ ಎಪಿಸೋಡಿನ ಒಂದು ವಿಷಯ ನಿಮಗೆ ಹೇಳಬೇಕು. ಸಿಸ್ಕೋ ಬಸುರಿಯಾದ ತನ್ನ ಎರಡನೇ ಹೆಂಡತಿಯನ್ನು ಬಿಟ್ಟು ಬೇರೆಯೇ ಲೋಕಕ್ಕೆ ಹೋಗಬೇಕಾಗುತ್ತದೆ. ಮೊದಲು ಬರೆದ ಚಿತ್ರಕಥೆಯಲ್ಲಿ ಅವನು ತಿರುಗಿ ಬರುವ ಮಾತಿರಲಿಲ್ಲ. ಸಿಸ್ಕೋ ಪಾತ್ರ ಮಾಡಿದ ಏವರಿ ಬ್ರೂಕ್ಸ್ ಚಿತ್ರೀಕರಣ ಆದಮೇಲೆ ಅದಕ್ಕೆ ಒಪ್ಪಲಿಲ್ಲ. ಕಪ್ಪು ಜನಾಂಗದ ಅಪ್ಪನೊಬ್ಬ ಹೆಂಡತಿ ಮಗುವನ್ನು ಬಿಟ್ಟು ಹೋದ ಅಂತ ಕಾಣಬಾರದು ಅನ್ನೋದು ಅವರ ಕಳಕಳಿ. ಆ ದೃಶ್ಯವನ್ನು ಮತ್ತೆ ಚಿತ್ರೀಕರಿಸಿದರು. ಅದರಲ್ಲಿ ಸಿಸ್ಕೋ ವಾಪಸ್ ಬಂದೇ ಬರುತ್ತೇನೆ ಅಂತ ಮಾತು ಕೊಟ್ಟು ಹೋಗುತ್ತಾನೆ.

ಮುಂದಿನ ರಜೆಯ ಟಿಕೆಟ್ ಆದ ಕೂಡಲೇ ತಾರೀಖನ್ನು ಅಜ್ಜನಿಗಿಂತ ಮೊದಲು ಮಗಳಿಗೆ ಹೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಅವಳೇ ಗುರುತು ಹಾಕಲಿ. ಬಂದ ಮೊದಲ ಎರಡು ದಿನ ನೆಂಟರ ಮನೆಗೆ ಹೋಗಬೇಡಿ. ಅವಳ ಶಾಲೆಗೆ ನಡೆದುಕೊಂಡು ಹೋಗಿ, ದಾರಿ ಅವಳು ತೋರಿಸಲಿ. ತಾರೀಖು ಬದಲಾದರೆ ಅಜ್ಜಿಯ ಬಾಯಲ್ಲಿ ಹೇಳಿಸಬೇಡಿ. ನೀವೇ ಫೋನ್ ಮಾಡಿ, ಅವಳು ಅತ್ತರೆ ಅಳು ನಿಲ್ಲುವವರೆಗೆ ಫೋನ್ ಇಡಬೇಡಿ.