ಥಾರ್‌ನ ಸ್ವೇ ಬಾರ್ ಬಿಚ್ಚುವ ಮೊದಲು
ಪೆರ್ಲದ ಕಡೆ ಅಡಿಕೆ ತೋಟಕ್ಕೆ ಇಳಿಯುವ ಮುರಕಲ್ಲಿನ ದಾರಿಗೆ ಹೊಸ ಥಾರ್‌ನ ಮುಂದಿನ ಸ್ವೇ ಬಾರ್ (ಎರಡು ಬದಿಯ ಚಕ್ರಗಳನ್ನು ಜೋಡಿಸಿ, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿ) ಬಿಚ್ಚಬಹುದಾ ಎಂದು ಕೇಳಿದ್ದೀರಿ. ಬಿಚ್ಚಬಹುದು, ಗುಂಡಿಗೆ ಚಕ್ರ ಇನ್ನೂ ಸ್ವಲ್ಪ ಇಳಿದೀತು, ಆದರೆ ಲಾಭ ಕಡಿಮೆ ಮಾರಾಯ್ರೆ. ಥಾರ್‌ಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಒಂದೊಂದು ಚಕ್ರವೂ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುತ್ತದೆ. ಬಾರ್ ಇಲ್ಲದಿದ್ದರೂ ಚಕ್ರ ಇಳಿಯುವುದು ಅದನ್ನು ಹಿಡಿದಿರುವ ಆರ್ಮ್, ಶಾಕ್ ಅಬ್ಸಾರ್ಬರ್ ಬಿಟ್ಟಷ್ಟೇ. ಮುಂದೆಯೂ ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚು) ಇರುವ ಜಿಮ್ನಿಗಾದರೆ ವ್ಯತ್ಯಾಸ ಜಾಸ್ತಿ.

ಬಿಚ್ಚಲೇಬೇಕು ಅಂತಿದ್ದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬಾರನ್ನು ಸಸ್ಪೆನ್ಷನ್‌ಗೆ ಜೋಡಿಸುವ ಎರಡೂ ಬದಿಯ ಲಿಂಕ್ ಬಿಚ್ಚಿ. ಲಿಂಕನ್ನು ಸುಮ್ನೆ ನೇತಾಡಲು ಬಿಡಬೇಡಿ, ಟಯರಿಗೋ ಬ್ರೇಕ್ ಹೋಸಿಗೋ ತಾಗೀತು. ಮೇಲಕ್ಕೆ ಕಟ್ಟಿ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಡಾಂಬರು ರಸ್ತೆಗೆ ಹತ್ತುವ ಮೊದಲು ವಾಪಸ್ ಜೋಡಿಸಲೇಬೇಕು. ಇಲ್ಲದಿದ್ದರೆ ಬದಿಯಡ್ಕದ ದಾರಿಯ ತಿರುವುಗಳಲ್ಲಿ ಗಾಡಿ ಜೋರಾಗಿ ವಾಲುತ್ತದೆ.

ನಾನಾದರೆ ಮೊದಲು ಟಯರಿನ ಗಾಳಿ ಸ್ವಲ್ಪ ಇಳಿಸಿ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಹಾಕಿ ನಿಧಾನಕ್ಕೆ ಇಳಿಸುತ್ತೇನೆ. ನಿಮ್ಮ ದಾರಿಗೆ ಅಷ್ಟು ಸಾಕಾಗಬಹುದು.