ಹಾರ್ಟ್ ಲಂಗ್ ಮಷಿನ್ ಹಾಕಿದ್ರೆ ಕಿಡ್ನಿ ಹೋಗ್ತದಾ?

ಅಪ್ಪನಿಗೆ ಬೈಪಾಸ್ ಹೇಳಿದ್ದಾರೆ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕ್ಬೇಕಾದ ಕಸ, ರಕ್ತದಲ್ಲಿ ಏರಿದ್ರೆ ಕಿಡ್ನಿ ಸೋತಿದೆ ಅಂತ) ಈಗ್ಲೇ 1.7 ಇದೆ, ಮಷಿನ್‌ಗೆ ಹಾಕಿದ್ರೆ ಕಿಡ್ನಿ ಪೂರ್ತಿ ಹೋಗ್ತದಾ ಅಂತ ಕೇಳಿದೀರಿ. ನಾನು ಶಿರಸಿ ಕಡೆಯವ, ಆಪರೇಷನ್ ಹೊತ್ತಿಗೆ ಹೃದಯ, ಶ್ವಾಸಕೋಶದ ಕೆಲಸ ಮಾಡೋ ಆ ಮಷಿನ್ ನಡೆಸೋದೇ ನನ್ನ ಕೆಲಸ, ಪರ್ಫ್ಯೂಷನಿಸ್ಟ್ ಅಂತಾರೆ, ಊರಲ್ಲಿ ಯಾರಾದ್ರೂ ಕೇಳಿದ್ರೆ ಪಂಪ್ ಆಪರೇಟರ್ ಅಂದ್ಬಿಡ್ತೇನೆ, ಅದೂ ಸುಳ್ಳಲ್ಲ.

ಪೂರ್ತಿ ಹೋಗೋದು ಅಪರೂಪ. ಆದ್ರೆ ಮೊದಲೇ 1.7 ಇದ್ದವರಿಗೆ ರಿಸ್ಕ್ ಜಾಸ್ತಿನೇ.

ಹೃದಯ ನಿಲ್ಸಿರ್ತೇವಲ್ಲ, ಮೈಗೆ ಎಷ್ಟು ರಕ್ತ ಹೋಗ್ಬೇಕು ಅನ್ನೋದು ನಾವು ತಿರುಗ್ಸೋ ಗುಂಡಿ ಮೇಲೆ. ಮೈಯ ಹೊರಮೈ ವಿಸ್ತೀರ್ಣದ ಚದರ ಮೀಟರಿಗೆ ನಿಮಿಷಕ್ಕೆ 2.2ರಿಂದ 2.4 ಲೀಟರ್ ಲೆಕ್ಕ, ಸಣಕಲು ಆಸಾಮಿ, 1.6 ಚದರ ಮೀಟರ್ ಅಂದ್ರೆ 3.5ರಿಂದ 3.8 ಲೀಟರ್ ಹತ್ತಿರ. (ಒಂದೇ ಸಮ ಹರಿತದೆ, ಆಗ ನಾಡಿ ಹಿಡಿದ್ರೆ ಏನೂ ಸಿಗಲ್ಲ.) ಜನ ಬಿಪಿ ಎಷ್ಟಿತ್ತು ಅಂತ ಮಾತ್ರ ಕೇಳ್ತಾರೆ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದೋರಿಗೆ ಗೊತ್ತು, ಪಂಪ್‌ಸೆಟ್ ಹತ್ರ ಪೈಪು ಬಿರಿಯೋ ಹಾಗೆ ಪ್ರೆಷರ್ ಇದ್ರೂ ಕೊನೇ ಸಾಲಿನ ಅಡಕೆ ಮರಕ್ಕೆ ನೀರು ಮುಟ್ಟಿರಲ್ಲ. ಕಿಡ್ನಿಯ ಒಳಭಾಗ ಆ ಕೊನೇ ಸಾಲು, ಮಾಮೂಲು ದಿನದಲ್ಲೇ ಅಲ್ಲಿ ಆಕ್ಸಿಜನ್ ಕಮ್ಮಿ, ಅದ್ರ ಮೇಲೆ ಮಷಿನ್ ಪೈಪು ತುಂಬ್ಸೋಕೆ ಒಂದು-ಒಂದೂವರೆ ಲೀಟರ್ ಸಲೈನ್ ಥರದ್ದು ಹಾಕಿರ್ತೇವೆ, ರಕ್ತ ತೆಳುವಾಗಿ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್ ಇಳಿತದೆ, ಆವಾಗ ಅದೇ 3.8 ಲೀಟರ್ ಹೋದ್ರೂ ಆಕ್ಸಿಜನ್ ಕಮ್ಮಿನೇ ಮುಟ್ತದೆ. ಹಾಗಾಗಿ ರಕ್ತದ ಹರಿವು, ಹಿಮೋಗ್ಲೋಬಿನ್ ಎರಡನ್ನೂ ಸೇರ್ಸಿ ಲೆಕ್ಕ ಹಾಕಿ ಚದರ ಮೀಟರಿಗೆ ನಿಮಿಷಕ್ಕೆ ಸುಮಾರು 280 ಎಂಎಲ್ ಆಕ್ಸಿಜನ್‌ಗಿಂತ ಕೆಳಗೆ ಇಳಿಯದ ಹಾಗೆ ನೋಡ್ಕೊಳ್ತೇವೆ. ನನ್ನ ಒಂದು ಕಣ್ಣು ಯಾವಾಗ್ಲೂ ಟೇಬಲ್ ಕೆಳಗಿನ ಯೂರಿನ್ ಬ್ಯಾಗ್ ಮೇಲೆ.

ತಲೆಗೂ ಸ್ವಲ್ಪ ಗಡಿಬಿಡಿ ಆಗ್ಬಹುದು. ನಮ್ಮ ದೊಡ್ಡಪ್ಪ ಆಪರೇಷನ್ ಆದ ಎರಡನೇ ರಾತ್ರಿ ಐಸಿಯುದಲ್ಲಿ "ಮಳೆ ಬಂತ್ರೋ, ಅಂಗಳದಲ್ಲಿ ಅಡಕೆ ನೆನಿತಾ ಇದೆ" ಅಂತ ಒಂದೇ ಕೂಗು, ವೈರು ಕಿತ್ಕೊಂಡು ಎದ್ದೇ ಬಿಡ್ತಿದ್ರು. ಬರೀ ಪಂಪಿನಿಂದ ಅಲ್ಲ, ಅರಿವಳಿಕೆ, ನಿದ್ದೆಗೆಡೋದು, ವಯಸ್ಸು ಎಲ್ಲ ಸೇರಿ ಹಾಗಾಗ್ತದೆ. ನಾಲ್ಕನೇ ದಿನ ಸರಿಯಾದ್ರು, ಕೂಗಿದ್ದು ನಾನಲ್ಲವೇ ಅಲ್ಲ ಅಂತ ಇವತ್ತಿಗೂ ವಾದ.

ನೀವೀಗ ಮಾಡ್ಬೇಕಾದ್ದು: ಅಪ್ಪ ಮಂಡಿನೋವಿಗೆ ಅಂತ ಅಂಗಡಿಯಿಂದ ತಂದು ನುಂಗೋ ಗುಳಿಗೆ ಇದ್ರೆ ಸರ್ಜನ್‌ಗೆ ಮುಚ್ಚಿಡಬೇಡಿ, ಅದೂ ಕಿಡ್ನಿಗೆ ಹೊಡೆತ. ಆಂಜಿಯೋಗ್ರಾಂ ಡೈ (ಅದೂ ಕಿಡ್ನಿಗೆ ಭಾರ) ಹಾಕಿ ಎಷ್ಟು ದಿನ ಆಯ್ತು, ಮಷಿನ್ ಇಲ್ಲದೆ ಹೃದಯ ಬಡಿತಿರುವಾಗ್ಲೇ ಮಾಡೋಕಾಗ್ತದಾ ಅಂತಲೂ ಕೇಳಿ, ಎಲ್ರಿಗೂ ಅದು ಹೊಂದಲ್ಲ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೀವು ಬರ್ದೇ ಇಲ್ಲ, ರಿಪೋರ್ಟ್ ನೋಡಿ ಹೇಳಿ.